ಬೀಜದಿಂದ ಗೌರಿ ಹೂವು ಮತ್ತು ಇತರ ಗೆಡ್ಡೆ ಹೂಗಳು



ಗೆಡ್ಡೆಯಿಂದಲೇ ಏಳುವ ಹೂಗಿಡಕ್ಕೆ ಬೀಜವೇಕೆ ಎಂದು ಕೇಳುವವರು ಹಲವರಿದ್ದಾರೆ. ಪ್ರಶ್ನೆ ಸಹಜವಾದದ್ದೇ. ಸುವರ್ಣಗೆಡ್ಡೆ, ಕೆಸು, ಶುಂಠಿ, ಅರಿಶಿನ ಇವೆಲ್ಲವನ್ನು ತುಂಡು ಮಾಡಿ ನೆಟ್ಟೇ ನಮಗೆ ರೂಢಿ. ಅವುಗಳ ಬೀಜವನ್ನು ಕಂಡವರೇ ಅಪರೂಪ. ಹೂವಿನ ಗೆಡ್ಡೆಗಳ ವಿಷಯದಲ್ಲೂ ನಾವು ಹಾಗೆಯೇ ನಡೆದುಕೊಂಡಿದ್ದೇವೆ. ನೆಂಟರ ಮನೆಗೆ ಹೋದಾಗ ಅಂಗಳದ ಬದಿಯಲ್ಲೊಂದು ಚಂದದ ಹೂವು ಕಂಡರೆ ಗೆಡ್ಡೆ ಕೇಳಿ ತರುತ್ತೇವೆ. ಗುಡ್ಡೆಯಲ್ಲಿ ಕಂಡರೆ ಕೇಳದೆಯೇ ಕಿತ್ತು ತರುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿರಿ. ಒಂದು ಗೆಡ್ಡೆಯು ವರ್ಷಕ್ಕೆ ಎರಡಾಗಬಹುದು. ಅದೇ ಗಿಡದ ಒಂದು ಕಾಯಿಯಲ್ಲಿ ಹತ್ತಾರು ಬೀಜಗಳಿರುತ್ತವೆ. ಗೆಡ್ಡೆಯನ್ನು ಕಿತ್ತರೆ ಕಿತ್ತ ಜಾಗ ಖಾಲಿ. ಕಾಯಿಯನ್ನು ಕೊಯ್ದರೆ ತಾಯಿಗಿಡ ನೆಲದಲ್ಲೇ ಉಳಿಯುವುದು. ಇನ್ನೂ ಒಂದು ಲಾಭವುಂಟು. ಎಲೆಯಲ್ಲಿ ಹಳದಿ ಪಟ್ಟೆ ಮೂಡಿಸುವ ನಂಜುರೋಗಗಳು ಗೆಡ್ಡೆಯೊಂದಿಗೆ ಮನೆಯಿಂದ ಮನೆಗೆ ಸಾಗುವುವು. ಈ ಜಾತಿಯ ಹೂಗಳಲ್ಲಿ ಅವು ಸಾಮಾನ್ಯವಾಗಿ ಬೀಜವನ್ನು ದಾಟಿ ಬರುವುದಿಲ್ಲ.

ಈ ಪಾಠಕ್ಕೆ ನಮ್ಮಲ್ಲಿ ಈಗ ವಿಶೇಷ ಕಾರಣವಿದೆ. ಆಟಿ ಕಳೆದು ಸೋಣ ತಿಂಗಳು ಬರುವಾಗ ನೆಲ್ಯಾಡಿಯ ಸುತ್ತಲಿನ ಬೇಲಿಗಳಲ್ಲಿ, ತೋಟದ ಅಗಳಿನ ಏರಿಯಲ್ಲಿ, ಗುಂಡ್ಯದ ಕಡೆಗೆ ಹೋಗುವ ರಸ್ತೆಯ ಬದಿಯ ಪೊದೆಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಬಳ್ಳಿಯೊಂದುಂಟು. ಗೌರಿ ಹಬ್ಬದ ಸುಮಾರಿಗೆ ಹೂ ಬಿಡುವುದರಿಂದ ಇದಕ್ಕೆ ಗೌರಿ ಹೂವು ಎಂಬ ಹೆಸರು ಬಂದಿದೆ. ಅಗ್ನಿಶಿಖೆ ಎಂಬುದೂ ಇದೇ. ವೈದ್ಯ ಗ್ರಂಥಗಳ ಲಾಂಗಲಿಯೂ ಇದೇ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ. ಹಿಂದೆ ಬೇಲಿಯೆಂದರೆ ಹಸುರು ಬೇಲಿಯೇ ಆಗಿತ್ತು. ಅದರ ಬುಡದಲ್ಲಿ ಕತ್ತಿ ಮುಟ್ಟದ ಒಂದು ಮೊಳ ಜಾಗದಲ್ಲಿ ಈ ಬಳ್ಳಿಗೆ ನೆಲೆಯಿತ್ತು. ಈಗ ಹಸುರು ಬೇಲಿಯ ಬದಲಿಗೆ ಕಲ್ಲಿನ ಕಂಬ, ಮುಳ್ಳುತಂತಿ ಬಂದಿವೆ. ಗುಡ್ಡೆಯನ್ನು ಯಂತ್ರದಿಂದ ಮೆಟ್ಟಿಲು ಮಾಡಿ ರಬ್ಬರು ಇಟ್ಟದ್ದಾಯಿತು. ಬಿ. ಸಿ. ರೋಡಿನಿಂದ ಅಡ್ಡಹೊಳೆಯವರೆಗೆ ಹೆದ್ದಾರಿಯನ್ನು ಅಗಲ ಮಾಡುವಾಗ ಎರಡು ಬದಿಯ ಧರೆಗಳನ್ನು ಕಡಿದದ್ದಾಯಿತು. ಇದೆಲ್ಲ ಬೇಡವಾಗಿತ್ತೆಂದು ಇಲ್ಲಿ ಹೇಳುತ್ತಿಲ್ಲ. ರಸ್ತೆಯೂ ಬೇಕು, ರಬ್ಬರೂ ಬೇಕು. ಆದರೆ ಕಳೆನಾಶಕದ ಸಿಂಪಡಣೆಯ ವಿಷಯದಲ್ಲಿ ಮಾತ್ರ ಹಾಗೆ ಸುಮ್ಮನಿರಲಾಗದು. ಕತ್ತಿಯಿಂದ ಸವರಿದರೆ ಗೆಡ್ಡೆ ನೆಲದಲ್ಲಿ ಉಳಿದು ಮರುವರ್ಷ ಚಿಗುರೀತು. ಎಲೆಯ ಮೂಲಕ ಇಳಿದು ಬೇರನ್ನೂ ಸಾಯಿಸುವ ಔಷಧವನ್ನು ಬೇಲಿಯ ಬುಡಕ್ಕೆ ಹೊಡೆದರೆ ಅಲ್ಲಿಗೆ ಮುಗಿಯಿತು.

ಆದುದರಿಂದ ತಮ್ಮ ಜಾಗದಲ್ಲಿ ಇನ್ನೂ ಒಂದೆರಡು ಬಳ್ಳಿಗಳು ಉಳಿದಿದ್ದರೆ ಅವುಗಳಿಂದ ಬೀಜ ತೆಗೆದು ಸಸಿ ಮಾಡಿಕೊಳ್ಳುವ ಕ್ರಮವನ್ನು ತಾವು ತಿಳಿದಿರುವುದು ಒಳ್ಳೆಯದು.

ಲಿಲ್ಲಿ ಎಂಬ ಹೆಸರು

ಪೇಟೆಯ ನರ್ಸರಿಯಲ್ಲಿ ಗೆಡ್ಡೆಯಿಂದ ಬರುವ ಹೂಗಳಿಗೆಲ್ಲ ಲಿಲ್ಲಿಯೆಂದೇ ಹೆಸರು. ನಿಜವಾದ ಲಿಲ್ಲಿ, ಅಂದರೆ ಲಿಲಿಯಮ್ ಕುಲದ್ದು, ತಂಪು ಸೀಮೆಯ ಗಿಡ. ದಕ್ಷಿಣ ಭಾರತದಲ್ಲಿ ಅದಕ್ಕೆ ಸ್ವಂತ ಊರೆಂದರೆ ನೀಲಗಿರಿ, ಪಳನಿಯಂಥ ಬೆಟ್ಟಗಳ ಮೇಲ್ಭಾಗ. ಅಲ್ಲಿ ಹುಲ್ಲಿನ ನಡುವೆ ಉದ್ದ ಕಹಳೆಯಂಥ ಬಿಳಿ ಹೂ ಬಿಡುವ ನೀಲಗಿರಿ ಲಿಲ್ಲಿ ಬೆಳೆಯುತ್ತದೆ. ಶಿರಾಡಿ ಘಾಟಿಯ ಬುಡದ ನಮ್ಮ ಸೆಕೆಗೆ ಅದು ತಾಳದು. ಬಣ್ಣದ ಚಿತ್ರ ನೋಡಿ ಅಂಚೆಯಲ್ಲಿ ಗೆಡ್ಡೆ ತರಿಸಿದವರಿಗೆ ಮೊದಲ ವರ್ಷ ಹೂ ಬಂದೀತು; ಆ ಹೂವು ಗೆಡ್ಡೆಯೊಳಗೆ ಮೊದಲೇ ಸಿದ್ಧವಾಗಿ ಬಂದದ್ದು. ಎರಡನೆಯ ವರ್ಷ ಗೆಡ್ಡೆಯೇ ಇರುವುದಿಲ್ಲ. ಆ ಹಣವನ್ನು ಬೇರೆ ಯಾವುದಕ್ಕಾದರೂ ಹಾಕುವುದು ಮೇಲು.

ಗೌರಿ ಹೂವನ್ನೂ ಹಿಂದೆ ಲಿಲ್ಲಿಯ ಕುಟುಂಬದಲ್ಲೇ ಸೇರಿಸುತ್ತಿದ್ದರು. ಈಗ ಅದು ಕಾಲ್ಚಿಕೇಸಿ ಎಂಬ ಬೇರೆ ಕುಟುಂಬಕ್ಕೆ ಸೇರಿದೆ. ನಮ್ಮ ಅಂಗಳದ ಉಳಿದ ಗೆಡ್ಡೆ ಹೂಗಳು ಬಹುತೇಕ ಅಮರಿಲ್ಲಿಸ್ ಕುಟುಂಬದವು. ಹೆಸರಿನ ಗೊಂದಲದಿಂದ ನಷ್ಟವೇನೂ ಇಲ್ಲ. ಆದರೆ ಬೀಜದ ಸ್ವಭಾವ ಒಂದೊಂದರದು ಒಂದೊಂದು ಬಗೆ. ಒಂದಕ್ಕೆ ಹೇಳಿದ ಕ್ರಮವನ್ನು ಇನ್ನೊಂದಕ್ಕೆ ನಡೆಸಿದರೆ ಬೀಜ ಕೆಡುವುದು. ಈ ಪಾಠದಲ್ಲಿ ಗಮನಿಸಬೇಕಾದ ಮುಖ್ಯ ವಿಷಯ ಇದೇ.

ಮೊದಲು ವಿಷದ ಮಾತು

ಬೀಜದ ಕ್ರಮಕ್ಕೆ ಮುಂಚೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಗೌರಿ ಹೂವಿನ ಗಿಡದಲ್ಲಿ ಗೆಡ್ಡೆಯಿಂದ ಬೀಜದವರೆಗೆ ಎಲ್ಲ ಭಾಗಗಳಲ್ಲೂ ಕಾಲ್ಚಿಸಿನ್ ಎಂಬ ಉಗ್ರವಾದ ವಿಷವಿದೆ. ಗೆಡ್ಡೆಯನ್ನು ಗೆಣಸೆಂದು ತಿಳಿದು ಬೇಯಿಸಿ ತಿಂದು ಪ್ರಾಣ ಕಳಕೊಂಡವರು ನಮ್ಮ ದೇಶದಲ್ಲೂ ಸಿಂಹಳದಲ್ಲೂ ಇದ್ದಾರೆ. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ತಿಂದ ತಕ್ಷಣ ಏನೂ ತೋರುವುದಿಲ್ಲ, ಅದೇ ದೊಡ್ಡ ಅಪಾಯ. ಕೆಲವು ಗಂಟೆಗಳ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಆರಂಭವಾಗುವುದು. ಅದು ಇಳಿದಂತೆ ಕಂಡರೂ ಮುಂದಿನ ದಿನಗಳಲ್ಲಿ ಮೂತ್ರಪಿಂಡ, ರಕ್ತ, ಹೃದಯಗಳಿಗೆ ಪೆಟ್ಟು ಬೀಳುವುದು. ಇದಕ್ಕೆ ಕೈಗೆ ಸಿಗುವ ಪ್ರತ್ಯೌಷಧವಿಲ್ಲ. ಯಾರಾದರೂ ತಿಂದರೆಂದು ಸಂಶಯ ಬಂದರೆ ಮನೆಮದ್ದು ಮಾಡುತ್ತ, ವಾಂತಿ ನಿಂತಿತಲ್ಲ ಎಂದು ಕಾಯುತ್ತ ಕೂರಬಾರದು. ಪುತ್ತೂರಿನದೋ ಮಂಗಳೂರಿನದೋ ದೊಡ್ಡ ಆಸ್ಪತ್ರೆಗೆ ಒಡನೆಯೇ ಕರೆದೊಯ್ಯತಕ್ಕದ್ದು. ತಿಂದ ಗೆಡ್ಡೆಯ ತುಂಡನ್ನೂ ಬಳ್ಳಿಯ ಎಲೆಯನ್ನೂ ಜತೆಯಲ್ಲಿ ಒಯ್ದರೆ ವೈದ್ಯರಿಗೆ ಸಹಾಯವಾಗುವುದು.

ಹೀಗಿರುವುದರಿಂದ ಗೆಣಸು, ಕೂವೆ, ಸುವರ್ಣಗೆಡ್ಡೆ ಬೆಳೆಯುವ ತಾವಿನಲ್ಲಿ ಇದನ್ನು ಎಂದೂ ನೆಡಬೇಡಿರಿ. ನೆಟ್ಟವರಿಗೆ ನೆನಪಿದ್ದರೂ ಐದು ವರ್ಷದ ಮೇಲೆ ಅಗೆಯುವವರಿಗೆ ತಿಳಿದಿರುವುದಿಲ್ಲ. ಬೀಜದ ಪೊಟ್ಟಣವನ್ನು ಅಡಿಗೆಮನೆಯಲ್ಲಿ ಇಡಬೇಡಿರಿ. ಬೀಜದ ಹೊರಮೈ ಕೆಂಪಗೆ ಹೊಳೆಯುವುದರಿಂದ ಮಕ್ಕಳ ಕಣ್ಣಿಗೆ ಬೇಗ ಬೀಳುವುದು. ಹಟ್ಟಿಯ ದನಕರುಗಳಿಗೆ ಎಟುಕದ ಕಡೆ ಬಳ್ಳಿ ಇರಲಿ. ಗೆಡ್ಡೆ ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆಯಿರಿ. ಇಷ್ಟು ಜಾಗ್ರತೆ ವಹಿಸಲು ಮನಸ್ಸಿಲ್ಲದವರು ಅಥವಾ ಸಣ್ಣ ಮಕ್ಕಳು ಓಡಾಡುವ ಇಕ್ಕಟ್ಟಿನ ಅಂಗಳವುಳ್ಳವರು ಗೌರಿ ಹೂವನ್ನು ಬೇಲಿಯಲ್ಲೇ ಇರಗೊಟ್ಟು, ಮುಂದೆ ಹೇಳುವ ಮಳೆ ಲಿಲ್ಲಿಯನ್ನು ಬೆಳೆಸುವುದು ಉತ್ತಮ. ಆದರೂ ಈ ಗೆಡ್ಡೆ ಹೂಗಳಲ್ಲಿ ಯಾವುದರ ಗೆಡ್ಡೆಯೂ ತಿನ್ನುವಂಥದ್ದಲ್ಲ ಎಂಬುದನ್ನು ಮನೆಯವರೆಲ್ಲರಿಗೂ ಹೇಳಿಡಿರಿ.

ಗೌರಿ ಹೂವಿನ ಬೀಜ

ಹೂವನ್ನು ಹತ್ತಿರದಿಂದ ನೋಡಿದವರಿಗೆ ಅದರ ವಿನ್ಯಾಸ ವಿಚಿತ್ರವಾಗಿ ಕಂಡೀತು. ಆರು ಎಸಳುಗಳೂ ಹಿಂದಕ್ಕೆ ಮಡಚಿ ಮೇಲ್ಮುಖವಾಗಿರುವುವು; ಅಂಚು ಅಲೆಯಲೆಯಾಗಿರುವುದು. ಮೊದಲ ದಿನ ಹಸುರು ಮಿಶ್ರಿತ ಹಳದಿ, ಅನಂತರ ಕಿತ್ತಳೆ, ಕೊನೆಗೆ ಕಡುಗೆಂಪು. ಹೀಗೆ ಒಂದೇ ಬಳ್ಳಿಯಲ್ಲಿ ಮೂರು ಬಣ್ಣದ ಹೂಗಳು ಕಾಣುವುವು. ಕೇಸರಗಳು ಸುತ್ತಲೂ ಚಾಚಿರುತ್ತವೆ. ಶಲಾಕೆಯು ಮಾತ್ರ ಬುಡದಲ್ಲೇ ಮುರಿದಂತೆ ಒಂದು ಬದಿಗೆ ಬಾಗಿರುವುದು. ತನ್ನ ಪರಾಗ ತನಗೇ ಬೀಳದಿರಲೆಂದು ಇರುವ ಏರ್ಪಾಡು ಇದು. ಚಿಟ್ಟೆ, ಸೂರಕ್ಕಿಗಳು ಬಂದು ಪರಾಗವನ್ನು ಸಾಗಿಸಬೇಕು. ನಮ್ಮ ಮಳೆಯಲ್ಲಿ ಅವುಗಳ ಓಡಾಟ ಕಡಿಮೆ. ಪರಾಗವೂ ತೊಳೆದು ಹೋಗುವುದು. ಆದ್ದರಿಂದ ಎಷ್ಟು ಹೂ ಅರಳಿದರೂ ಕಾಯಿ ಬೆರಳೆಣಿಕೆಯಷ್ಟು. ತಾವೇ ಈ ಕೆಲಸ ಮಾಡಬಹುದು. ಮಳೆ ಬಿಟ್ಟ ಬೆಳಗ್ಗೆ, ಬಿಸಿಲೇರುವ ಮುಂಚೆ, ಒಂದು ಬಳ್ಳಿಯ ಹೂವಿನಿಂದ ಪುಡಿ ಉದುರುವ ಕೇಸರವನ್ನು ಕಿತ್ತು, ಇನ್ನೊಂದು ಬಳ್ಳಿಯ ಹೊಸ ಹೂವಿನ ಶಲಾಕೆಯ ತುದಿಗೆ ಮೃದುವಾಗಿ ಸವರಿರಿ. ತಮಿಳುನಾಡಿನಲ್ಲಿ ಈ ಬಳ್ಳಿಯನ್ನು ಹೊಲದಲ್ಲಿ ಬೆಳೆಸುವ ರೈತರು ಕೂಲಿಯಾಳು ಇಟ್ಟು ಪ್ರತಿ ಹೂವಿಗೂ ಇದನ್ನೇ ಮಾಡಿಸುತ್ತಾರೆ.

ಕಾಯಿಯು ಹಸುರಾಗಿ ಬೆಳೆದು, ದೀಪಾವಳಿ ಕಳೆದ ಮೇಲೆ ಹಳದಿಗೆ ತಿರುಗಿ ಒಣಗುತ್ತ ಬಂದು, ಮೂರು ಹೋಳಾಗಿ ಒಡೆಯುವುದು. ಒಳಗೆ ಸಾಲಾಗಿ ಕೆಂಪು ಬೀಜಗಳು. ಕಾಯಿ ಒಡೆಯುವ ಹೊತ್ತಿಗೆ ಕೊಯ್ಯಬೇಕು. ಹಸುರು ಕಾಯಿಯ ಬೀಜ ಬಲಿತಿರುವುದಿಲ್ಲ. ಒಂದು ಬಳ್ಳಿಯಲ್ಲಿರುವ ಕಾಯಿಗಳನ್ನೆಲ್ಲ ತೆಗೆಯಬೇಡಿರಿ. ಅರ್ಧದಷ್ಟಾದರೂ ಗಿಡದಲ್ಲೇ ಬಿಡಿರಿ. ಇನ್ನೊಂದು ಮಾತು: ಮೀಸಲು ಅರಣ್ಯದೊಳಗಿನಿಂದ ಗಿಡ, ಗೆಡ್ಡೆ, ಬೀಜ ತರುವುದು ಕಾನೂನಿಗೆ ವಿರುದ್ಧ. ಇಲ್ಲಿ ಹೇಳುತ್ತಿರುವುದೆಲ್ಲ ತಮ್ಮ ವರ್ಗ ಜಾಗದ ಬೇಲಿಯ ಬಳ್ಳಿಯ ಮಾತು.

ಬೀಜದ ಮೇಲಿನ ಕೆಂಪು ತಿರುಳನ್ನು ನೀರಿನಲ್ಲಿ ಒಂದು ದಿನ ನೆನೆಹಾಕಿ ಉಜ್ಜಿ ತೆಗೆಯಿರಿ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡಿರಿ. ಆಮೇಲೆ ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು, ತಾರೀಕು, ವಿಷವೆಂಬ ಮಾತು ಬರೆದಿಡಿರಿ. ಕೂಡಲೇ ಬಿತ್ತಿ ಮೊಳಕೆ ಕಾಣದೆ ಬೇಸರಪಡುವವರು ಬಹಳ. ಈ ಬೀಜಕ್ಕೆ ಕೆಲವು ತಿಂಗಳ ನಿದ್ರೆ ಇದೆ, ಸಿಪ್ಪೆಯೂ ಗಟ್ಟಿ. ಬೇಸಗೆಯಿಡೀ ಅದು ಪೊಟ್ಟಣದಲ್ಲೇ ಇರಲಿ. ಪತ್ತನಾಜೆಯ ಸುಮಾರಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಬಿತ್ತಬೇಕು.

ಬಿತ್ತನೆಗೆ ಮಣ್ಣು ಹೀಗೆ ಮಾಡಿರಿ. ಹೊಳೆಯ ದಪ್ಪ ಹೊಯಿಗೆ ಎರಡು ಪಾಲು, ಜರಡಿ ಹಿಡಿದ ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಸೊಪ್ಪಿನ ಗೊಬ್ಬರ ಒಂದು ಪಾಲು. ಹಸಿ ಹಟ್ಟಿಗೊಬ್ಬರ ಬೇಡವೇ ಬೇಡ. ಗೆಡ್ಡೆ ಜಾತಿಯ ಎಳೆಸಸಿಗೆ ಅದರಷ್ಟು ಶತ್ರು ಬೇರೆ ಇಲ್ಲ. ಮಿಶ್ರಣದ ಮೇಲೆ ಕುದಿಯುವ ನೀರು ಹೊಯ್ದು ಆರಿಸಿಕೊಂಡರೆ ಬೂಸು, ಹುಳಗಳ ಕಾಟ ಕಡಿಮೆಯಾಗುವುದು. ಪಾತ್ರೆಗೆ ಒಂದು ಗೇಣು ಆಳವಿರಲಿ. ಹಳೆಯ ಪ್ಲಾಸ್ಟಿಕ್ ಡಬ್ಬದ ಅಡಿಗೆ ಐದಾರು ತೂತು ಮಾಡಿದರೆ ಸಾಕು. ತೆಂಗಿನ ಗೆರಟೆ ಇದಕ್ಕೆ ಆಗದು, ಆಳ ಸಾಲದು. ಬೀಜವನ್ನು ಅರ್ಧ ಅಂಗುಲ ಆಳಕ್ಕೆ, ಒಂದಕ್ಕೊಂದು ಎರಡು ಅಂಗುಲ ಬಿಟ್ಟು ಇಡಿರಿ.

ಇನ್ನು ನಮ್ಮ ಮಳೆಯ ವಿಚಾರ. ಘಟ್ಟದ ಬುಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆ ನೇರವಾಗಿ ಬಿದ್ದರೆ ಬೀಜವೂ ಮಣ್ಣೂ ಒಟ್ಟಿಗೇ ಅಂಗಳ ಸೇರುವುವು. ಪುಸ್ತಕಗಳಲ್ಲಿ ದಿನಕ್ಕೆರಡು ಬಾರಿ ನೀರು ಕೊಡಿ ಎಂದು ಬರೆದಿರುವುದು ಬಯಲುಸೀಮೆಯವರಿಗೆ. ನಾವು ಮಾಡಬೇಕಾದದ್ದು ನೀರು ತಪ್ಪಿಸುವ ಕೆಲಸ. ಡಬ್ಬವನ್ನು ಮಾಡಿನ ಒಳಗೆ, ಆದರೆ ಬೆಳಕು ಚೆನ್ನಾಗಿ ಬೀಳುವ ಜಗಲಿಯ ಅಂಚಿನಲ್ಲಿ ಇಡಿರಿ. ಮಾಡಿನಿಂದ ಇಳಿಯುವ ನೀರಿನ ಧಾರೆ ಅದಕ್ಕೆ ಬೀಳಕೂಡದು. ಮೇಲ್ಮಣ್ಣು ಒಣಗಿ ಬಣ್ಣ ಬದಲಾದರೆ ಮಾತ್ರ ಕೈಯಿಂದ ನೀರು ಚಿಮುಕಿಸಿರಿ.

ಮೊಳಕೆ ಒಮ್ಮೆಲೇ ಬರುವುದಿಲ್ಲ. ಕೆಲವು ಬೀಜ ಮೂರು ನಾಲ್ಕು ವಾರದಲ್ಲಿ, ಕೆಲವು ಆಟಿ ಮುಗಿಯುವಾಗ, ಇನ್ನು ಕೆಲವು ಮುಂದಿನ ವರ್ಷದ ಮಳೆಗೆ! ಒಂದು ಬೀಜ ಎದ್ದರೆ ಉಳಿದದ್ದು ಸತ್ತಿತೆಂದು ತಿಳಿದು ಡಬ್ಬ ಬಗ್ಗಿಸಬೇಡಿರಿ. ಎಳೆಯ ಸಸಿಯ ಮೊದಲ ಎಲೆಗಳಲ್ಲಿ ತುದಿಯ ಕುಡಿಬಳ್ಳಿ ಇರುವುದಿಲ್ಲ. ನೋಡಿದರೆ ಹುಲ್ಲಿನಂತೆ, ಎಳೆ ಶುಂಠಿಯಂತೆ ಕಾಣುವುದು. ಕಳೆ ಎಂದು ಕಿತ್ತು ಬಿಡುವವರೂ ಇದ್ದಾರೆ.

ಮೊದಲ ವರ್ಷ ಸಸಿ ಬೆಳೆಯುವುದು ಒಂದು ಗೇಣಿಗಿಂತ ಹೆಚ್ಚಿಲ್ಲ. ದೀಪಾವಳಿಯ ನಂತರ ಹಳದಿಯಾಗಿ ಒಣಗಿ ನೆಲಕ್ಕೆ ಒರಗುವುದು. ಸತ್ತಿತೆಂದು ಅಳಬೇಕಾದ್ದಿಲ್ಲ, ಕೆಳಗೆ ಕಿರುಬೆರಳಿನ ತುದಿಯಷ್ಟು ಗೆಡ್ಡೆ ಕೂತಿರುವುದು. ಇಲ್ಲಿಂದ ಮುಂದಿನ ಆರು ತಿಂಗಳು ನೀರು ನಿಲ್ಲಿಸತಕ್ಕದ್ದು. ಕರುಣೆಯಿಂದ ದಿನವೂ ಒಂದು ತಂಬಿಗೆ ಹೊಯ್ಯುವುದರಿಂದಲೇ ಹೆಚ್ಚು ಗೆಡ್ಡೆಗಳು ಕೊಳೆಯುವುವು, ಮರೆತು ಬಿಟ್ಟ ಡಬ್ಬಗಳೇ ಬದುಕುವುವು ಎಂದರೆ ತಪ್ಪಾಗಲಾರದು. ಡಬ್ಬವನ್ನು ಇಲಿ ಬಾರದ ಮೂಲೆಯಲ್ಲಿ ಮಣ್ಣು ಸಹಿತ ಹಾಗೆಯೇ ಇಟ್ಟುಬಿಡಿರಿ.

ಎರಡನೆಯ ಮಳೆಗಾಲದಲ್ಲಿ ಕುಡಿಬಳ್ಳಿ ಮೂಡಿ ಒಂದೆರಡು ಅಡಿ ಏರುವುದು. ಮೂರನೆಯ ವರ್ಷಕ್ಕೆ ನೆಲಕ್ಕೆ ಇಳಿಸಿರಿ. ಆಗ ಗೆಡ್ಡೆಯು ನೇಗಿಲಿನ ಆಕಾರ ತಾಳಿ ಎರಡು ಕವಲಾಗಿರುವುದು. ಲಾಂಗಲವೆಂದರೆ ನೇಗಿಲು, ಲಾಂಗಲಿ ಎಂಬ ಹೆಸರು ಬಂದದ್ದು ಅದರಿಂದಲೇ. ಪ್ರತಿ ಕವಲಿನ ತುದಿಯಲ್ಲಿ ಒಂದೇ ಒಂದು ಮೊಳಕೆಯ ಕಣ್ಣು. ಆ ತುದಿ ಮುರಿದರೆ ಗೆಡ್ಡೆ ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ. ಮೊಟ್ಟೆ ಹಿಡಿದಷ್ಟು ನಾಜೂಕಿನಿಂದ ಎತ್ತಿ, ಎರಡು ಮೂರು ಅಂಗುಲ ಆಳದಲ್ಲಿ ಅಡ್ಡಲಾಗಿ ಮಲಗಿಸಿ ಮಣ್ಣು ಮುಚ್ಚಬೇಕು. ಜಾಗವು ನೀರು ನಿಲ್ಲದ ಧರೆಯ ಮೇಲಿರಲಿ. ಮುರಕಲ್ಲಿನ ಪುಡಿ ಮಿಶ್ರಿತ ಮಣ್ಣಾದರೆ ಬಹಳ ಒಳ್ಳೆಯದು. ಬುಡಕ್ಕೆ ನೆರಳು, ತಲೆಗೆ ಬಿಸಿಲು, ಹಿಡಿದು ಹತ್ತಲು ಒಂದು ಪೊದೆ: ಇದು ಬಳ್ಳಿಯ ಬೇಡಿಕೆ. ದಾಸವಾಳದ ಬೇಲಿಯಿದ್ದರೆ ಬೇರೆ ಆಧಾರ ಬೇಕಾಗದು. ಹೂವು ಬರುವುದು ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮಗೆ ಇದು ಹೆಚ್ಚೇನಲ್ಲ.

ಕಪ್ಪು ಮೈಯಲ್ಲಿ ಬಿಳಿ, ಕೆಂಪು ಚುಕ್ಕೆಗಳುಳ್ಳ ಒಂದು ಕಂಬಳಿಹುಳು ಈ ಬಳ್ಳಿಯನ್ನು ಹುಡುಕಿಕೊಂಡು ಬರುವುದು. ಗೌರಿ ಹೂವು, ಕ್ರೈನಮ್ ಮುಂತಾದ ಲಿಲ್ಲಿ ಬಗೆಯವುಗಳೇ ಅದಕ್ಕೆ ಆಹಾರ. ಎರಡು ರಾತ್ರಿಯಲ್ಲಿ ಬಳ್ಳಿಯನ್ನು ಕಡ್ಡಿ ಮಾಡಿ ಬಿಡಬಲ್ಲದು. ಸಂಜೆ ಹೊತ್ತು ಎಲೆಯಡಿ ನೋಡಿ, ಕೋಲಿನಿಂದ ಸಾಬೂನು ನೀರಿನ ಡಬ್ಬಕ್ಕೆ ತಳ್ಳಿದರೆ ಸಾಕು. ಔಷಧ ಬೇಕಾಗದು.

ಹಣದ ಪ್ರಶ್ನೆ

ಈ ಬೀಜಕ್ಕೆ ಒಳ್ಳೆಯ ಬೆಲೆಯುಂಟಂತೆ, ಅಡಿಕೆಗೆ ಹಳದಿ ರೋಗ, ಎಲೆಚುಕ್ಕೆ ರೋಗ ಬಂದಿರುವಾಗ ಇದನ್ನೇ ಯಾಕೆ ಬೆಳೆಸಬಾರದು ಎಂದು ಕೇಳುವವರು ಇದ್ದೇ ಇರುತ್ತಾರೆ. ಬೆಲೆಯುಂಟು, ನಿಜ. ತಮಿಳುನಾಡಿನ ದಿಂಡಿಗಲ್, ಕರೂರು, ತಿರುಪ್ಪೂರು ಜಿಲ್ಲೆಗಳ ಒಣಸೀಮೆಯಲ್ಲಿ ಇದನ್ನು ತಂತಿ ಚಪ್ಪರದ ಮೇಲೆ ಬೆಳೆಸಿ, ಬೀಜವನ್ನು ಔಷಧದ ಕಾರ್ಖಾನೆಗಳಿಗೆ ಕಳುಹಿಸುತ್ತಾರೆ. ಬೀಜದಿಂದ ತೆಗೆದ ಕಾಲ್ಚಿಸಿನ್ ವಾತರಕ್ತವೆಂಬ ಕೀಲುಬೇನೆಗೆ, ವೈದ್ಯರು ಅಳೆದು ಕೊಡುವ ಅತಿ ಸಣ್ಣ ಪ್ರಮಾಣದಲ್ಲಿ, ಔಷಧವಾಗುವುದು. ತಮಿಳುನಾಡು ಸರಕಾರವು ಇದನ್ನು ರಾಜ್ಯದ ಹೂವೆಂದು ಗೌರವಿಸಿದೆ. ಆಫ್ರಿಕದ ಜಿಂಬಾಬ್ವೆಗೆ ಇದು ರಾಷ್ಟ್ರದ ಹೂವು. ಆದರೆ ಆ ಸೀಮೆಯ ಮಳೆಯೇ ಬೇರೆ, ನಮ್ಮದೇ ಬೇರೆ. ಅಲ್ಲಿಯೂ ಮಳೆ ಹೆಚ್ಚಾದ ವರ್ಷ ಎಲೆ ಸುಟ್ಟಂತಾಗಿ ಗೆಡ್ಡೆ ಕೊಳೆತು ನಷ್ಟವಾಗುತ್ತದೆ. ಕೊಳ್ಳುವವರು ಕೆಲವೇ ಮಂದಿಯಾದ್ದರಿಂದ ಬೆಲೆ ಒಂದು ವರ್ಷ ಏರಿದರೆ ಮರುವರ್ಷ ಬೀಳುವುದು. ನಮ್ಮ ತಾಲೂಕುಗಳಲ್ಲಿ ಸಾಲ ಮಾಡಿ ಇದನ್ನು ಬೆಳೆಯಾಗಿ ಇಡುವ ಸಲಹೆಯನ್ನು ಈ ಲೇಖನ ಕೊಡುವುದಿಲ್ಲ. ಹಾಗೆ ಸಲಹೆ ಕೊಟ್ಟು ಗೆಡ್ಡೆ ಮಾರಲು ಬರುವವರಿಗೆ ಚಾ ಕೊಟ್ಟು ಕಳುಹಿಸಿರಿ. ಬೇಲಿಗೆ ನಾಲ್ಕು ಬಳ್ಳಿ, ಹಬ್ಬಕ್ಕೆ ನಾಲ್ಕು ಹೂವು, ಅಷ್ಟೇ ನಮ್ಮ ಗುರಿ.

ಕಾಯಿಸಬಾರದ ಬೀಜಗಳು

ಗೌರಿ ಹೂವಿನ ಬೀಜವನ್ನು ಬೇಸಗೆಯಿಡೀ ಇಡಬೇಕೆಂದು ಹೇಳಿದೆವು. ಇದಕ್ಕೆ ತೀರ ವಿರುದ್ಧವಾದದ್ದು ಕ್ರೈನಮ್. ಹೊಳೆಬದಿಯ ಕೆಸರಿನಲ್ಲಿ ಉದ್ದ ಪಟ್ಟಿಯಂಥ ಎಲೆ, ಇಳಿಸಂಜೆ ಅರಳುವ ಪರಿಮಳದ ಬಿಳಿ ಹೂಗೊಂಚಲು ಇರುವ ಗಿಡವನ್ನು ತಾವು ನೋಡಿರಬಹುದು. ಅದು ಈ ಕುಲದ್ದು. ಅಂಗಳದಲ್ಲಿ ಅಲಂಕಾರಕ್ಕೆ ಇಡುವ ದೊಡ್ಡ ಜಾತಿಯೂ ಉಂಟು. ಇದರ ಬೀಜಕ್ಕೆ ಗಟ್ಟಿ ಸಿಪ್ಪೆಯೇ ಇಲ್ಲ. ಹಸುರು ಬಣ್ಣದ, ನೆಲ್ಲಿಕಾಯಿಯಂತೆ ಕಾಣುವ ರಸಭರಿತ ಉಂಡೆ ಅದು. ಮೇಲೊಂದು ತೆಳುವಾದ ಬೆಂಡಿನ ಪದರ. ನೀರಲ್ಲಿ ತೇಲಿ ಹೋಗಿ ಬೇರೆ ದಡದಲ್ಲಿ ಹುಟ್ಟುವುದಕ್ಕಾಗಿ ಪ್ರಕೃತಿ ಮಾಡಿದ ಏರ್ಪಾಡು. ಮೊಳೆಯಲು ಮಣ್ಣಾಗಲಿ ನೀರಾಗಲಿ ಬೇಡ. ಮೇಜಿನ ಮೇಲಿಟ್ಟರೂ ತನ್ನೊಳಗಿನ ನೀರಿನಿಂದಲೇ ಬೇರು ಇಳಿಸುವುದು. ಶಾಲೆಯ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು. ಇಂಥ ಬೀಜವನ್ನು ಬಿಸಿಲಿಗೆ ಹಾಕಿ ಒಣಗಿಸಿದರೆ ಸಾಯುವುದು. ಕಾಯಿಯಿಂದ ಕಳಚಿದ ಕೂಡಲೇ ಒದ್ದೆ ಹೊಯಿಗೆಯ ಮೇಲೆ ಅರ್ಧ ಹುಗಿದಂತೆ ಕೂರಿಸಿರಿ. ಬೇರು ಮೊದಲು ಕೆಳಗಿಳಿದು, ಅದರ ತುದಿಯಲ್ಲಿ ಪುಟ್ಟ ಗೆಡ್ಡೆ ಕಟ್ಟಿ, ಅಲ್ಲಿಂದ ಎಲೆ ಮೇಲೇಳುವುದು. ಹೂವಿಗೆ ಮೂರು ನಾಲ್ಕು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು.

ಮೇ ತಿಂಗಳಲ್ಲಿ ಎಲೆಗಿಂತ ಮೊದಲೇ ಕೆಂಪು ಚೆಂಡಿನಂತೆ ಅರಳುವ ಹೂವೂ ಇದೇ ಗುಂಪಿನದು. ಮೇ ಫ್ಲವರ್, ಫುಟ್‌ಬಾಲ್ ಲಿಲ್ಲಿ ಎಂದೆಲ್ಲ ಕರೆಯುವ ಇದು ಆಫ್ರಿಕ ಮೂಲದ್ದು. ಕೆಂಪು ಹಣ್ಣು ಕಟ್ಟಿದರೆ ತಿರುಳು ತೆಗೆದು ತಾಜಾ ಬೀಜವನ್ನೇ ಮಣ್ಣಿನ ಮೇಲ್ಮೈಯಲ್ಲಿ ಒತ್ತಿಡಿರಿ. ಬಹುಕಾಲ ಎಲೆ ಕಾಣಿಸದಿದ್ದರೆ ಗಾಬರಿ ಬೇಡ, ಮೊದಲು ಗೆಡ್ಡೆ ಕಟ್ಟುವುದು ಅದರ ಸ್ವಭಾವ.

ಮಳೆ ಲಿಲ್ಲಿ ಎಲ್ಲಕ್ಕಿಂತ ಸುಲಭ. ಬೇಸಗೆಯ ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅಂಗಳದ ಅಂಚಿನಲ್ಲಿ ಒಮ್ಮೆಲೇ ಅರಳುವ ಬಿಳಿ, ಹಳದಿ, ಗುಲಾಬಿ ಹೂಗಳು ಇವು. ಅಮೆರಿಕ ಖಂಡದಿಂದ ಬಂದು ನಮ್ಮವೇ ಆಗಿವೆ. ಹಳದಿಯದು ಯಾರ ಸಹಾಯವೂ ಇಲ್ಲದೆ ಕಾಯಿ ಕಟ್ಟುವುದು. ಹೂ ಬಾಡಿ ಮೂರು ನಾಲ್ಕು ವಾರದಲ್ಲಿ ಕಾಯಿ ಒಡೆದು, ಕಪ್ಪು ಕಾಗದದ ಚೂರಿನಂಥ ಚಪ್ಪಟೆ ಬೀಜಗಳು ಗಾಳಿಗೆ ಹಾರುವುವು. ಒಡೆಯುವ ಮುಂಚಿನ ದಿನ ಹಿಡಿಯಬೇಕು. ಎರಡು ಮೂರು ವಾರದೊಳಗೆ ಬಿತ್ತಿದರೆ ಬಹುಮಟ್ಟಿಗೆ ಎಲ್ಲವೂ ಹುಟ್ಟುವುವು; ಮರುವರ್ಷಕ್ಕೆ ಇಟ್ಟರೆ ಹೊಟ್ಟೇ ಗತಿ. ಬಿತ್ತಿದ ಒಂದೆರಡು ವರ್ಷದಲ್ಲಿ ಹೂ ಕಾಣಬಹುದು. ಹೊಸಬರು ಇದರಿಂದಲೇ ಆರಂಭಿಸುವುದು ಲೇಸು.

ಹಳೆಯ ಮನೆಗಳ ಅಂಗಳದಲ್ಲಿ ಕಿತ್ತಳೆಗೆಂಪಿನ ದೊಡ್ಡ ಕಹಳೆ ಹೂಗಳನ್ನು ಬಿಡುವ ಗೆಡ್ಡೆಗಿಡಕ್ಕೆ ಅಮರಿಲ್ಲಿಸ್ ಎನ್ನುವರು. ಶಾಸ್ತ್ರದ ಹೆಸರು ಹಿಪ್ಪಿಯಾಸ್ಟ್ರಮ್. ಇಲ್ಲಿ ಕೈಯಿಂದ ಪರಾಗ ಹಾಕುವುದು ಒಂದು ಆಟದಂತೆ. ಶಲಾಕೆಯ ತುದಿಯು ಮೂರು ಕವಲಾಗಿ ಬಿಡಿಸಿಕೊಂಡಾಗ ಅದು ಸಿದ್ಧವಾಯಿತೆಂದು ತಿಳಿಯಿರಿ. ತನ್ನದೇ ಪರಾಗವನ್ನು ಒಪ್ಪದ ಗುಣ ಇವುಗಳಲ್ಲಿ ಹಲವಕ್ಕಿದೆ. ಒಂದೇ ಗೆಡ್ಡೆಯಿಂದ ಹಂಚಿಹೋದ ಗಿಡಗಳು ಎಷ್ಟು ಮನೆಯಲ್ಲಿದ್ದರೂ ಲೆಕ್ಕಕ್ಕೆ ಒಂದೇ ಗಿಡವಾದ್ದರಿಂದ ಬೇರೆ ಬಣ್ಣದ್ದರ ಪರಾಗ ತರುವುದು ಕ್ಷೇಮ. ಕಾಯಿ ನಾಲ್ಕರಿಂದ ಆರು ವಾರಕ್ಕೆ ಬಲಿತು ಹಳದಿಯಾಗಿ ಮೂರಾಗಿ ಬಿರಿಯುವುದು. ಬೀಜವು ಕಪ್ಪಗೆ, ತೆಳ್ಳಗೆ; ಬೆಳಕಿಗೆ ಹಿಡಿದರೆ ನಡುವೆ ಉಬ್ಬಿದ ಮೊಳಕೆಯ ಗುರುತು ಕಾಣುವಂಥದ್ದು ಮಾತ್ರ ಗಟ್ಟಿ, ಉಳಿದದ್ದು ಜೊಳ್ಳು. ಗಟ್ಟಿ ಬೀಜಗಳನ್ನು ಅಗಲವಾದ ಬಟ್ಟಲಿನ ನೀರ ಮೇಲೆ ತೇಲಬಿಟ್ಟು ನೆರಳಲ್ಲಿಡಿರಿ. ಎರಡು ಮೂರು ವಾರದೊಳಗೆ ಬೇರಿನ ಬಿಳಿ ತುದಿ ಇಳಿಯುವುದು. ಒಂದು ಅಂಗುಲವಾದಾಗ ಎತ್ತಿ ಮಣ್ಣಿಗೆ ನೆಡಬಹುದು. ಸಣ್ಣ ಸಸಿಗೆ ಮೊದಲೆರಡು ವರ್ಷ ಬೇಸಗೆಯಲ್ಲೂ ಅಲ್ಪಸ್ವಲ್ಪ ನೀರು ಕೊಟ್ಟು ಎಲೆ ಉಳಿಸಿಕೊಂಡರೆ ಗೆಡ್ಡೆ ಬೇಗ ದಪ್ಪವಾಗಿ ಮೂರನೆಯ ವರ್ಷಕ್ಕೆ ಹೂ ಕೊಡುವುದು. ಗೌರಿ ಹೂವಿಗೆ ಹೇಳಿದ ಉಪವಾಸ ಇದಕ್ಕೆ ಬೇಡ.

ಬೀಜದಿಂದ ಬಂದ ಹೂವು ತಾಯಿಯಂತೆಯೇ ಇರಬೇಕೆಂದಿಲ್ಲ. ಅದು ಕೆಲವರಿಗೆ ನಿರಾಶೆ, ಕೆಲವರಿಗೆ ಕುತೂಹಲ. ಸುಗಂಧರಾಜದ ಗೆಡ್ಡೆಯನ್ನು ಸಂತೆಯಿಂದ ತಂದು ನೆಡುವ ನಮಗೆ ಅದರ ಹೊಸ ತಳಿಗಳು ಬೀಜದಿಂದಲೇ ಹುಟ್ಟಿದವೆಂದು ಗೊತ್ತಿರುವುದಿಲ್ಲ. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಒಂಟಿ ಎಸಳಿನದನ್ನೂ ಜೋಡಿ ಎಸಳಿನದನ್ನೂ ಕೂಡಿಸಿ ಶೃಂಗಾರ್ ಎಂಬ ತಳಿಯನ್ನು ತೆಗೆಯಿತು. ಆ ಶೃಂಗಾರ್‌ಗೆ ಮೆಕ್ಸಿಕನ್ ಸಿಂಗಲ್ ಎಂಬುದನ್ನು ಸೇರಿಸಿ ಪ್ರಜ್ವಲ್ ಎಂಬುದನ್ನು ಪಡೆದರು. ಅದರ ಮೊಗ್ಗಿಗೆ ನಸುಗೆಂಪಿನ ಛಾಯೆಯಿದೆ. ಇವೂ ಒಂದು ಕಾಲದಲ್ಲಿ ಡಬ್ಬದ ಮಣ್ಣಿನಲ್ಲಿ ಹುಲ್ಲಿನಂತೆ ಎದ್ದ ಸಸಿಗಳೇ. ಒಳ್ಳೆಯದೊಂದು ಸಿಕ್ಕಿದ ಮೇಲೆ ಅದನ್ನು ಗೆಡ್ಡೆಯಿಂದ ಹೆಚ್ಚಿಸುತ್ತ ಹೋಗುವುದು ಕ್ರಮ.

ಕೊನೆಗೆ ಗುರುತಿನ ಮಾತು. ಒಣಗಿ ಮಲಗಿದ ಗೆಡ್ಡೆಗಳ ಡಬ್ಬಗಳೆಲ್ಲ ಬೇಸಗೆಯಲ್ಲಿ ಒಂದೇ ಬಗೆಯಾಗಿ, ಬರಿಯ ಮಣ್ಣಾಗಿ ಕಾಣುವುವು. ಕಾಗದದ ಚೀಟಿ ನಮ್ಮ ಮಳೆಯಲ್ಲಿ ಒಂದು ವಾರ ಬಾಳದು. ಹಳೆಯ ತಗಡಿನ ಪಟ್ಟಿಯಲ್ಲಿ ಮೊಳೆಯಿಂದ ಕೊರೆದು ಹೆಸರು, ಬಿತ್ತಿದ ವರ್ಷ ಬರೆದು ಡಬ್ಬದ ಒಳಗೆ ಹುಗಿಯಿರಿ. ಗೌರಿ ಹೂವಿನ ಡಬ್ಬಕ್ಕೆ ಹೊರಗಿನಿಂದ ಕೆಂಪು ಬಣ್ಣದ ಪಟ್ಟಿಯನ್ನೂ ಬಳಿಯಿರಿ. ಮಹಿಳಾ ಮಂಡಳದಲ್ಲೋ ಸ್ವಸಹಾಯ ಗುಂಪಿನಲ್ಲೋ ಬೀಜ ಹಂಚಿಕೊಳ್ಳುವಾಗ ಮೊದಲು ಹಂಚತಕ್ಕದ್ದು ಮಳೆ ಲಿಲ್ಲಿಯ ಬೀಜ. ಗೌರಿ ಹೂವಿನದನ್ನು ಕೇಳಿದವರಿಗೆ, ಎಲ್ಲಿ ನೆಡುವಿರಿ ಎಂದು ವಿಚಾರಿಸಿದ ಮೇಲೆ, ಹತ್ತು ಬೀಜಕ್ಕಿಂತ ಹೆಚ್ಚಾಗದಂತೆ ಕೊಡಿರಿ. ಈ ಸಲ ಬೇಲಿ ಸವರುವ ಮೊದಲು ಒಮ್ಮೆ ಬುಡದಲ್ಲಿ ಬಗ್ಗಿ ನೋಡಿ, ಬಳ್ಳಿ ಇರುವ ತಾವಿಗೆ ಒಂದು ಗೂಟ ಹೊಡೆದು ಕೆಲಸದವರಿಗೆ ತೋರಿಸಿಕೊಡಿರಿ.